ಗುರು-ಲಘು ಎಣಿಸುತ್ತಾ ಮೇರು ಪ್ರಸ್ತಾರದೊಳಗೆ: ಪಾಸ್ಕಲನ ತ್ರಿಭುಜ ಕಟ್ಟುವ, ಓದುವ ಬಗೆ

ಅಕ್ಕನ ಮಗಳು ಪ್ರಥಮ ಪಿಯುಸಿಯಲ್ಲಿದ್ದಾಗ ಒಂದು ಸಂಜೆ ದ್ವಿಪದ ಪ್ರಮೇಯದ ಪಾಠ ತೆರೆದುಕೊಂಡು ಕೂತಿದ್ದಳು. "ಚಿಕ್ಕಮ್ಮ, ಈ ತ್ರಿಭುಜಾನ ಹತ್ತು ಸಾಲಿನವರೆಗೆ ಬಾಯಿಪಾಠ ಮಾಡ್ಬೇಕಾ?" ಅಂದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅವಳ ತಮ್ಮ ಕನ್ನಡದ ಹೋಂವರ್ಕಿಗೆ ಪದ್ಯವೊಂದರ ಸಾಲುಗಳಿಗೆ ಪ್ರಸ್ತಾರ ಹಾಕುತ್ತಿದ್ದ, ಅಂದರೆ ಪ್ರತಿ ಅಕ್ಷರವೂ ಗುರುವೋ (ಹೇಳಲು ಹೆಚ್ಚು ಹೊತ್ತು ಹಿಡಿಯುವುದು) ಲಘುವೋ (ಕಡಿಮೆ ಹೊತ್ತು ಹಿಡಿಯುವುದು) ಅಂತ ಗುರುತು ಹಾಕುತ್ತಿದ್ದ. ಇಬ್ಬರ ಪುಸ್ತಕದಲ್ಲೂ ಇರುವುದು ಒಂದೇ ಲೆಕ್ಕ ಅಂತ ಅವರಿಗೆ ತೋರಿಸಲು ನನಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಅಂದು ಮಾಡಿದ್ದನ್ನೇ ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ನೋಡುವವರಿಗಾಗಿ ಇನ್ನೂ ಒಂದೆರಡು ವಿಷಯ ಸೇರಿಸಿದ್ದೇನೆ.

ಈ ತ್ರಿಭುಜದೊಳಗಿನ ವಿನ್ಯಾಸಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಹೆಚ್ಚಿನವು "ನೋಡಿ, ಎಷ್ಟು ಚೆಂದ" ಅನ್ನುವಲ್ಲಿಗೆ ನಿಂತುಬಿಡುತ್ತವೆ. ನಾನು ಹೇಳಿಕೊಡುವ ಕ್ರಮ ಬೇರೆ. ಪ್ರತಿ ಸಂಖ್ಯೆಯ ಮುಂದೆ ನಿಂತು, ಇದು ಏನನ್ನು ಎಣಿಸುತ್ತಿದೆ ಅಂತ ಕೇಳಬೇಕು. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ವಿನ್ಯಾಸಗಳನ್ನು ನೆನಪಿಟ್ಟುಕೊಳ್ಳುವ ಕೆಲಸವೇ ಇರುವುದಿಲ್ಲ.

ಮೊದಲು ಕಟ್ಟಿಕೊಳ್ಳಿ

ಚೌಕುಳಿ ಗೆರೆಯ ಗಣಿತದ ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಇದ್ದರೆ ಸಾಕು. ತ್ರಿಭುಜವನ್ನು ನಡುವಿಗೆ ಸರಿಹೊಂದಿಸಿ ಬರೆಯುವುದು ನೋಡಲು ಚೆಂದ. ಆದರೆ ಕೆಲಸಕ್ಕೆ ಎಡಗಡೆಗೆ ಒತ್ತರಿಸಿ ಬರೆಯುವುದೇ ಅನುಕೂಲ, ಒಂದು ಚೌಕಕ್ಕೆ ಒಂದು ಸಂಖ್ಯೆ. ಪ್ರತಿ ಸಾಲಿನ ಮೊದಲ ಮನೆಗೂ ಕೊನೆಯ ಮನೆಗೂ 1 ಹಾಕಿ. ನಡುವಿನ ಪ್ರತಿ ಮನೆಗೂ ಅದರ ನೇರ ಮೇಲಿನ ಸಂಖ್ಯೆ ಮತ್ತು ಮೇಲಿನ ಎಡಮೂಲೆಯ ಸಂಖ್ಯೆ ಎರಡನ್ನೂ ಕೂಡಿಸಿ ಬರೆಯಿರಿ.

ಸಾಲು 0: 1
ಸಾಲು 1: 1 1
ಸಾಲು 2: 1 2 1
ಸಾಲು 3: 1 3 3 1
ಸಾಲು 4: 1 4 6 4 1
ಸಾಲು 5: 1 5 10 10 5 1
ಸಾಲು 6: 1 6 15 20 15 6 1
ಸಾಲು 7: 1 7 21 35 35 21 7 1
ಸಾಲು 8: 1 8 28 56 70 56 28 8 1

ಸಾಲುಗಳ ಎಣಿಕೆಯೂ ಸಾಲಿನೊಳಗಿನ ಮನೆಗಳ ಎಣಿಕೆಯೂ 0ಯಿಂದಲೇ ಶುರುವಾಗಬೇಕು. ಇದನ್ನು ತಪ್ಪಿದರೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ. ಮಕ್ಕಳು ಎಡವುವುದೂ ಹೆಚ್ಚಾಗಿ ಇಲ್ಲೇ. ಪ್ರತಿ ಸಾಲು ಮುಗಿದ ಮೇಲೆ ಒಮ್ಮೆ ಕೂಡಿಸಿ ನೋಡಿ, ಮೊತ್ತ ಹಿಂದಿನ ಸಾಲಿನ ಇಮ್ಮಡಿ ಬರಬೇಕು: 1, 2, 4, 8, 16, 32... ಬರಲಿಲ್ಲವಾದರೆ ಮುಂದಿನ ಸಾಲಿಗೆ ಇಳಿಯುವ ಮೊದಲೇ ತಿದ್ದಿ. ಒಂದು ತಪ್ಪು ಸಾಲಿನಿಂದ ಸಾಲಿಗೆ ಅಗಲವಾಗುತ್ತಾ ಹೋಗುತ್ತದೆ.

ನಾವು ಇದನ್ನು ಪಾಸ್ಕಲನ ತ್ರಿಭುಜ ಅಂತ ಕಲಿತಿದ್ದೇವೆ. ಬ್ಲೇಸ್ ಪಾಸ್ಕಲ್ ಇದರ ಬಗ್ಗೆ ಬರೆದದ್ದು ಅಚ್ಚಾಗಿ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1665ರಲ್ಲಿ. ಚೀನಾದಲ್ಲಿ 13ನೇ ಶತಮಾನದ ಯಾಂಗ್ ಹುಯಿಯ ಪುಸ್ತಕದಲ್ಲಿ ಇದು ಬರುತ್ತದೆ. ನಮ್ಮಲ್ಲಿ ಪಿಂಗಳನ ಛಂದಃಸೂತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಇದನ್ನು ಕಟ್ಟುವ ಕ್ರಮವನ್ನೇ ಬಿಡಿಸಿ ಹೇಳಿದ್ದಾನೆ. ಮೇಲೊಂದು ಚೌಕ ಬರೆ, ಅದರ ಕೆಳಗೆ ಎರಡೂ ಬದಿಗೆ ಅರ್ಧರ್ಧ ಚಾಚಿದಂತೆ ಎರಡು ಚೌಕ, ಅದರ ಕೆಳಗೆ ಮೂರು. ಅಂಚಿನ ಮನೆಗಳಿಗೆಲ್ಲ ಒಂದು, ನಡುವಿನವಕ್ಕೆ ಮೇಲಿನ ಎರಡರ ಮೊತ್ತ. ಬೆಟ್ಟದ ಹಾಗೆ ಕಾಣುವ ಈ ಆಕೃತಿಗೆ ಮೇರು ಪ್ರಸ್ತಾರ ಎಂದು ಹೆಸರು. ಅವನಿಗೆ ಬೇಕಾಗಿದ್ದದ್ದು ದ್ವಿಪದ ಪ್ರಮೇಯವಲ್ಲ. ಇಷ್ಟು ಅಕ್ಷರದ ಪಾದದಲ್ಲಿ ಇಷ್ಟು ಗುರು ಬರುವ ವೃತ್ತಗಳು (ಗುರು-ಲಘುಗಳ ಕಟ್ಟುಗಳು) ಎಷ್ಟು ಎನ್ನುವ ಲೆಕ್ಕ ಅವನಿಗೆ ಬೇಕಿತ್ತು.

ಸಂಖ್ಯೆ ಏನನ್ನು ಎಣಿಸುತ್ತಿದೆ?

ಗಣಗಳನ್ನು ನೆನಪಿಡುವ ಯಮಾತಾರಾಜಭಾನಸಲಗಂ ಸೂತ್ರ ಹೈಸ್ಕೂಲು ಮುಗಿಸಿದ ಯಾವ ಕನ್ನಡಿಗರಿಗೂ ಮರೆತಿರುವುದಿಲ್ಲ. ಮೂರಕ್ಷರದ ಗಣಗಳು ಎಂಟು. ಅವನ್ನು ಗುರುಗಳ ಸಂಖ್ಯೆಯ ಮೇಲೆ ಬೇರ್ಪಡಿಸಿ. ಗುರುವೇ ಇಲ್ಲದ್ದು ನಗಣ ಒಂದೇ. ಒಂದು ಗುರು ಇರುವವು ಭ, ಜ, ಸ, ಒಟ್ಟು ಮೂರು. ಎರಡು ಗುರು ಇರುವವು ಯ, ರ, ತ, ಇವೂ ಮೂರು. ಮೂರೂ ಗುರುವಾದದ್ದು ಮಗಣ. ಈಗ 3ನೇ ಸಾಲು ನೋಡಿ: 1 3 3 1.

ಎಂದರೆ, ಸಾಲಿನ ಸಂಖ್ಯೆ ಅಕ್ಷರಗಳ ಸಂಖ್ಯೆ, ಮನೆಯ ಸಂಖ್ಯೆ ಗುರುಗಳ ಸಂಖ್ಯೆ. 8ನೇ ಸಾಲಿನ 3ನೇ ಮನೆಯಲ್ಲಿ 56 ಇದೆ. ಎಂಟು ಅಕ್ಷರಗಳಲ್ಲಿ ಮೂರು ಗುರು, ಐದು ಲಘು ಇಡುವ ಬಗೆಗಳು 56. ಪಠ್ಯಪುಸ್ತಕ ವಿಕಲ್ಪ ಅನ್ನುವುದು ಇದನ್ನೇ. ಎಂಟು ಜಾಗಗಳಲ್ಲಿ ಗುರುವಿಗೆ ಮೂರು ಜಾಗ ಆರಿಸಿದ ಹಾಗೆ.

ಕೂಡಿಸುವ ನಿಯಮ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಈಗ ತಾನಾಗಿ ತಿಳಿಯುತ್ತದೆ. ನಾಲ್ಕು ಅಕ್ಷರ, ಎರಡು ಗುರು ಅಂದುಕೊಳ್ಳಿ. ಕೊನೆಯ ಅಕ್ಷರ ಲಘುವಾದರೆ ಮೊದಲ ಮೂರಕ್ಷರದಲ್ಲಿ ಎರಡು ಗುರು ಬರಬೇಕು, ಅದು ಮೂರು ಬಗೆ (ಯ, ರ, ತ). ಕೊನೆಯದು ಗುರುವಾದರೆ ಮೊದಲ ಮೂರರಲ್ಲಿ ಒಂದೇ ಗುರು, ಅದೂ ಮೂರು ಬಗೆ (ಭ, ಜ, ಸ). 3 + 3 = 6. ನೇರ ಮೇಲಿನ ಮನೆ ಲಘುವಿನಿಂದ ಮುಗಿಯುವವುಗಳದ್ದು, ಎಡಮೂಲೆಯ ಮನೆ ಗುರುವಿನಿಂದ ಮುಗಿಯುವವುಗಳದ್ದು. ಸಾಲಿನ ಮೊತ್ತ ಇಮ್ಮಡಿಯಾಗುವುದೂ ಇದರಿಂದಲೇ. ಒಂದು ಅಕ್ಷರ ಸೇರಿಸಿದರೆ ಹಳೆಯ ಪ್ರತಿಯೊಂದು ವಿನ್ಯಾಸವೂ ಎರಡಾಗುತ್ತದೆ. ಗುರು ಇದ್ದಲ್ಲಿ ಲಘು, ಲಘು ಇದ್ದಲ್ಲಿ ಗುರು ಹಾಕಿದರೆ ಯಗಣ ಭಗಣವಾಗುತ್ತದೆ, ರಗಣ ಜಗಣವಾಗುತ್ತದೆ. ಸಾಲು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದಕ್ಕೆ ಕಾರಣ ಅಷ್ಟೇ.

ದ್ವಿಪದ ಪ್ರಮೇಯಕ್ಕೂ ಬೇರೆ ವಿವರಣೆ ಬೇಕಿಲ್ಲ. (ಲ + ಗ) ಎಂಬುದನ್ನು ಮೂರು ಸಲ ಗುಣಿಸುವುದೆಂದರೆ ಪ್ರತಿ ಆವರಣದಿಂದ ಲ ಅಥವಾ ಗ ಒಂದನ್ನು ಎತ್ತಿಕೊಳ್ಳುವುದು. ಒಂದು ಗ, ಎರಡು ಲ ಬರುವ ದಾರಿಗಳು ಮೂರು. ಆ ಪದದ ಗುಣಾಂಕವೂ ಮೂರು.

ತ್ರಿಭುಜ ಕಟ್ಟದೆಯೇ ಒಂದು ಮನೆ ತಲುಪುವುದು

20ನೇ ಸಾಲು ಬೇಕೆಂದರೆ ಇಪ್ಪತ್ತು ಸಾಲು ಬರೆಯಬೇಕಿಲ್ಲ. ಅಡ್ಡದಾರಿ ಕನ್ನಡ ನೆಲದ್ದೇ. 9ನೇ ಶತಮಾನದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದಲ್ಲಿ ವಿಕಲ್ಪ ಲೆಕ್ಕ ಹಾಕುವ ಸಾಮಾನ್ಯ ನಿಯಮ ಇದೆ. ಉದಾಹರಣೆಗೆ ಅವನು ಎತ್ತಿಕೊಂಡದ್ದು ಷಡ್ರಸ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವನ್ನು ಬೆರೆಸುವ ಬಗೆಗಳು ಎಷ್ಟು?

ನಿಯಮ ಹೀಗೆ. ಮೇಲೆ 6, 5, 4, 3, 2, 1 ಅಂತ ಇಳಿಕೆಯಲ್ಲಿ ಬರೆಯಿರಿ. ಕೆಳಗೆ 1, 2, 3, 4, 5, 6 ಅಂತ ಏರಿಕೆಯಲ್ಲಿ. ಎಡದಿಂದ ಶುರುಮಾಡಿ ಮೇಲಿನದರಿಂದ ಗುಣಿಸಿ, ಕೆಳಗಿನದರಿಂದ ಭಾಗಿಸುತ್ತಾ ಹೋಗಿ. 6 ÷ 1 = 6. 6 × 5 ÷ 2 = 15. 15 × 4 ÷ 3 = 20. 20 × 3 ÷ 4 = 15. 15 × 2 ÷ 5 = 6. 6 × 1 ÷ 6 = 1. ಒಂದೊಂದೇ ರಸ 6, ಎರಡೆರಡು ಬೆರೆತದ್ದು 15, ಮೂರು 20, ನಾಲ್ಕು 15, ಐದು 6, ಎಲ್ಲವೂ ಸೇರಿದ್ದು 1. ಒಟ್ಟು 63. ರಸವೇ ಇಲ್ಲದ್ದೊಂದನ್ನು ಸೇರಿಸಿದರೆ 6ನೇ ಸಾಲಿನ ಮೊತ್ತ 64. ಗುಣಾಕಾರವನ್ನು ಮೊದಲು ಮಾಡಿ, ಭಾಗಾಕಾರವನ್ನು ಆಮೇಲೆ. ಆ ಕ್ರಮದಲ್ಲಿ ಹೋದರೆ ನಡುವೆ ಎಲ್ಲೂ ಶೇಷ ಉಳಿಯುವುದಿಲ್ಲ. ಈ ಕ್ರಮ ಕೈಗೆ ಹತ್ತಿಸಿಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬೇಗ ನೋಡಿ ಮುಂದಕ್ಕೆ ಹೋಗಬಹುದಾದವು

ಎಡದಿಂದ ಎರಡನೆಯ ಕಂಬಸಾಲಿನಲ್ಲಿ 1, 2, 3, 4. ಮೂರನೆಯದರಲ್ಲಿ ತ್ರಿಕೋನ ಸಂಖ್ಯೆಗಳು 1, 3, 6, 10, 15. ಸಾಲುಗಳನ್ನು ಒಂದೇ ಸಂಖ್ಯೆಯಾಗಿ ಓದಿದರೆ 11ರ ಘಾತಗಳು: 121, 1331, 14641. ಇದಕ್ಕೆ ತುಂಬಾ ಪ್ರಚಾರ ಇದೆ, ನನಗೆ ಮಾತ್ರ ಇದರಲ್ಲಿ ಹೆಚ್ಚು ಹುರುಳು ಕಂಡಿಲ್ಲ. 5ನೇ ಸಾಲಿನಲ್ಲೇ ದಶಕ ಎತ್ತಿಕೊಂಡು 161051 ಮಾಡಬೇಕಾಗುತ್ತದೆ. 14ನೇ ಸಾಲಿನಲ್ಲಿ 1001, 2002, 3003 ಒತ್ತೊತ್ತಾಗಿ ಕೂತಿರುವುದನ್ನು ಮಾತ್ರ ಒಮ್ಮೆ ಬರೆದು ನೋಡಿ. ಆ 3003 ಮತ್ತೆ 15ನೇ ಸಾಲಿನಲ್ಲೂ 78ನೇ ಸಾಲಿನಲ್ಲೂ ಸಿಗುತ್ತದೆ.

ಹಾಕಿ ಸ್ಟಿಕ್

ಯಾವುದಾದರೊಂದು ಕಂಬಸಾಲಿನ ತುದಿಯ 1ರಿಂದ ಕೆಳಗಿಳಿಯುತ್ತಾ ಕೂಡಿಸಿ, ಬೇಕಾದಲ್ಲಿ ನಿಲ್ಲಿಸಿ. ಮೊತ್ತ ಒಂದು ಸಾಲು ಕೆಳಗೆ, ಒಂದು ಮನೆ ಬಲಕ್ಕೆ ಕೂತಿರುತ್ತದೆ. 2ನೇ ಮನೆಯ ಕಂಬಸಾಲಿನಲ್ಲಿ 1 + 3 + 6 + 10 = 20, ಅದು 6ನೇ ಸಾಲಿನ 3ನೇ ಮನೆ. ಗೆರೆ ಎಳೆದರೆ ಹಾಕಿ ಸ್ಟಿಕ್ಕಿನಂತೆ ಬಾಗುತ್ತದೆ.

ಕಾರಣ ಕೇಳೋಣ. 20 ಎಂದರೆ ಆರು ಅಕ್ಷರಗಳಲ್ಲಿ ಮೂರು ಗುರು. ಕೊನೆಯ ಗುರು ಎಲ್ಲಿದೆ? ಮೂರನೇ ಜಾಗದಲ್ಲಿದ್ದರೆ ಉಳಿದೆರಡು ಗುರುಗಳಿಗೆ ಹಿಂದಿನ ಎರಡೇ ಜಾಗ, 1 ಬಗೆ. ನಾಲ್ಕನೆಯದರಲ್ಲಿದ್ದರೆ ಮೂರು ಜಾಗದಲ್ಲಿ ಎರಡು, 3 ಬಗೆ. ಐದನೆಯದಾದರೆ 6. ಆರನೆಯದಾದರೆ 10. ಮುಗಿಯಿತು. ಅಕ್ಕನ ಮಗಳು ಇದನ್ನು ಹಾಳೆಯ ಮೇಲೆ ಇಪ್ಪತ್ತೂ ಬರೆದು ನಾಲ್ಕು ಗುಂಪು ಮಾಡಿದಳು. ಅಂದಿನಿಂದ ಅವಳು ಈ ಸೂತ್ರ ಮರೆತಿಲ್ಲ. ನೀವೂ ಬರೆದೇ ನೋಡಿ, ಹತ್ತು ನಿಮಿಷದ ಕೆಲಸ.

ಅವಿಭಾಜ್ಯ ಸಾಲುಗಳು

7ನೇ ಸಾಲಿನ ತುದಿಯ 1ಗಳನ್ನು ಬಿಟ್ಟರೆ 7, 21, 35 ಎಲ್ಲವೂ 7ರಿಂದ ಭಾಗವಾಗುತ್ತವೆ. 5ನೇ ಸಾಲಿನಲ್ಲಿ 5, 10. ಆದರೆ 4ನೇ ಸಾಲಿನಲ್ಲಿ 6 ಇದೆ, ಅದು 4ರಿಂದ ಭಾಗವಾಗದು. ಸಾಲಿನ ಸಂಖ್ಯೆ ಅವಿಭಾಜ್ಯವಾದರೆ ಮಾತ್ರ ಹೀಗೆ ನಡೆಯುತ್ತದೆ.

ಏಳು ಅಕ್ಷರಗಳನ್ನು ಸರದ ಮಣಿಗಳಂತೆ ದುಂಡಗೆ ಪೋಣಿಸಿ ಒಂದೊಂದೇ ಜಾಗ ತಿರುಗಿಸಿ. ಗುರು-ಲಘು ಎರಡೂ ಬೆರೆತಿದ್ದರೆ ಏಳು ತಿರುವಿಗೂ ಏಳು ಬೇರೆ ಬೇರೆ ವಿನ್ಯಾಸ ಸಿಗುತ್ತವೆ, ಹಾಗಾಗಿ ಎಲ್ಲವೂ ಏಳೇಳರ ಗುಂಪಾಗುತ್ತವೆ. ನಾಲ್ಕಕ್ಕೆ ಹೀಗಾಗದು. ಗುಗುಲಲ ತಿರುಗಿಸಿದರೆ ನಾಲ್ಕು ಸಿಗುತ್ತವೆ, ಆದರೆ ಗುಲಗುಲ ಎರಡೇ ತಿರುವಿಗೆ ಮೊದಲಿನಂತಾಗುತ್ತದೆ. 4 + 2 = 6. ಆ 6ರ ಹಟಕ್ಕೆ ಕಾರಣ ಇದು.

ಬೆಸ ಸಂಖ್ಯೆಗೆ ಬಣ್ಣ

ಹೊಸ ಪುಟದಲ್ಲಿ 0ಯಿಂದ 15ರವರೆಗೆ ಹದಿನಾರು ಸಾಲು ಗುರುತಿಸಿ. ಬೆಸ ಸಂಖ್ಯೆಯ ಮನೆಗಳಿಗೆ ಮಾತ್ರ ಬಣ್ಣ ತುಂಬಬೇಕು. ಸಂಖ್ಯೆ ಬರೆಯಲೇಬೇಕಿಲ್ಲ. ಬೆಸಕ್ಕೆ ಬೆಸ ಕೂಡಿದರೆ ಸಮ, ಸಮಕ್ಕೆ ಸಮ ಕೂಡಿದರೂ ಸಮ. ಆದ್ದರಿಂದ ಮೇಲಿನ ಎರಡೂ ಮನೆ ಒಂದೇ ತರಹ ಇದ್ದರೆ ಖಾಲಿ ಬಿಡಿ, ಒಂದಕ್ಕೆ ಬಣ್ಣ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ತುಂಬಿ. ತುದಿಗಳಿಗೆ ಯಾವಾಗಲೂ ಬಣ್ಣ. 7ನೇ ಸಾಲು ಪೂರ್ತಿ ತುಂಬುತ್ತದೆ, 8ರಲ್ಲಿ ತುದಿಗಳೆರಡೇ ಉಳಿಯುತ್ತವೆ. ಅಲ್ಲಿಂದ ಮೊದಲ ಎಂಟು ಸಾಲಿನ ಚಿತ್ರವೇ ಎರಡು ಪ್ರತಿಯಾಗಿ ಅಕ್ಕಪಕ್ಕ ಇಳಿಯುತ್ತದೆ. ತ್ರಿಕೋನದೊಳಗೆ ತ್ರಿಕೋನದ ಖಾಲಿ ಜಾಗ. ಪೋಲೆಂಡಿನ ಸಿಯೆರ್ಪಿನ್‌ಸ್ಕಿ 1915ರಲ್ಲಿ ವಿವರಿಸಿದ ಆಕೃತಿ ಇದೇ. ಎಣಿಸಿದರೆ 136 ಮನೆಗಳಲ್ಲಿ ಬಣ್ಣ ತುಂಬಿದವು 81 ಇರಬೇಕು. ಒಂದು ಹೆಚ್ಚುಕಮ್ಮಿಯಾದರೂ ಎಲ್ಲೋ ತಪ್ಪಿದ್ದೀರಿ.

ಒಂದು ಎಚ್ಚರಿಕೆ

ವಿನ್ಯಾಸ ಕಂಡ ಕೂಡಲೇ ನಂಬಬೇಡಿ. ವೃತ್ತದ ಅಂಚಿನಲ್ಲಿ ಚುಕ್ಕೆಗಳನ್ನಿಟ್ಟು ಪ್ರತಿ ಎರಡನ್ನೂ ಗೆರೆಯಿಂದ ಸೇರಿಸಿ, ಮೂರು ಗೆರೆ ಒಂದೇ ಕಡೆ ಸಂಧಿಸದಂತೆ. ಒಳಗಿನ ತುಂಡುಗಳು ಒಂದು ಚುಕ್ಕೆಗೆ 1, ಆಮೇಲೆ 2, 4, 8, 16. ಆರು ಚುಕ್ಕೆಗೆ 32 ಅಂತ ಎಲ್ಲರೂ ಹೇಳುತ್ತಾರೆ. ಬರುವುದು 31. ಏಕೆಂದರೆ ಇಲ್ಲಿ ಎಣಿಕೆಯಾಗುವುದು ಚುಕ್ಕೆಗಳಿಗಿಂತ ಒಂದು ಕಡಿಮೆ ಸಂಖ್ಯೆಯ ಸಾಲಿನ ಮೊದಲ ಐದು ಮನೆಗಳ ಮೊತ್ತ ಮಾತ್ರ: 1 + 5 + 10 + 10 + 5. 4ನೇ ಸಾಲಿನವರೆಗೆ ಇರುವುದೇ ಐದು ಮನೆ, ಹಾಗಾಗಿ ಇಮ್ಮಡಿ ಆಗುತ್ತಲೇ ಇತ್ತು. 5ನೇ ಸಾಲಿನಲ್ಲಿ ಆರನೆಯ ಮನೆ ಹೊರಗುಳಿಯಿತು.

ಓರೆಗೆರೆ ಮತ್ತು ನಮ್ಮ ಮಾತ್ರಾಗಣಗಳು

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇಲ್ಲಿಯವರೆಗೆ ಅಕ್ಷರ ಎಣಿಸಿದೆವು, ಈಗ ಮಾತ್ರೆ ಎಣಿಸೋಣ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಚೌಕುಳಿ ಹಾಳೆಯಲ್ಲಿ ನಾಲ್ಕು ಚೌಕದ ಪಟ್ಟಿ ಗುರುತಿಸಿ. ಲಘು ಒಂದು ಚೌಕ ತುಂಬುತ್ತದೆ, ಗುರು ಎರಡು ಚೌಕ. ಪಟ್ಟಿ ತುಂಬುವ ಬಗೆಗಳು: ಲಲಲಲ, ಗುಲಲ, ಲಗುಲ, ಲಲಗು, ಗುಗು. ಐದು. ಕಂದಪದ್ಯದ ನಾಲ್ಕು ಮಾತ್ರೆಯ ಗಣ ಬರಬಹುದಾದ ರೂಪಗಳು ಇವೇ ಐದು. ಮೂರು ಮಾತ್ರೆಯ ಗಣಕ್ಕೆ ಮೂರು ರೂಪ, ಐದು ಮಾತ್ರೆಯದಕ್ಕೆ ಎಂಟು. 1, 2, 3, 5, 8, 13...

ಕೊನೆಯದು ಲಘುವಾದರೆ ಉಳಿಯುವುದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಆದ್ದರಿಂದ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಜಗತ್ತು ಇವನ್ನು ಫಿಬೊನಾಚಿ ಸಂಖ್ಯೆಗಳು ಅನ್ನುತ್ತದೆ. ಇಟಲಿಯ ಆ ಫಿಬೊನಾಚಿಯ ಪುಸ್ತಕ 1202ರದ್ದು. ಪ್ರಾಕೃತ ಛಂದಸ್ಸಿನ ಬಗ್ಗೆ ಬರೆದ ವಿರಹಾಂಕ ಅದಕ್ಕೂ ಎಷ್ಟೋ ಮೊದಲು, ಗುಜರಾತಿನ ಹೇಮಚಂದ್ರ 12ನೇ ಶತಮಾನದಲ್ಲಿ ಇದನ್ನು ಮಾತ್ರಾವೃತ್ತಗಳ ಲೆಕ್ಕವಾಗಿಯೇ ಹೇಳಿದ್ದರು.

ಈಗ ತ್ರಿಭುಜಕ್ಕೆ ಬನ್ನಿ. 4ನೇ ಸಾಲಿನ 0ನೇ ಮನೆಯಿಂದ ಹೊರಡಿ, ಒಂದು ಸಾಲು ಮೇಲೆ, ಒಂದು ಮನೆ ಬಲಕ್ಕೆ ಹೋಗುತ್ತಾ ಇರಿ. ಸಿಗುವುದು 1, 3, 1. ಗುರುವಿಲ್ಲದ್ದು ಒಂದು, ಒಂದು ಗುರುವಿನವು ಮೂರು, ಎರಡು ಗುರುವಿನದ್ದು ಒಂದು. 5ನೇ ಸಾಲಿನಿಂದ ಹೊರಟರೆ 1, 4, 3, ಒಟ್ಟು 8. ಮಾತ್ರೆ ಅಷ್ಟೇ ಇರಬೇಕೆಂದರೆ, ಎರಡು ಲಘು ಸೇರಿ ಒಂದು ಗುರುವಾದಾಗ ಅಕ್ಷರ ಒಂದು ಕಡಿಮೆಯಾಗುತ್ತದೆ, ಗುರು ಒಂದು ಹೆಚ್ಚಾಗುತ್ತದೆ. ಓರೆಗೆರೆಯ ಮೇಲಿನ ಒಂದೊಂದು ಹೆಜ್ಜೆಯೂ ಅದೇ.

ಇಲ್ಲಿಂದ ನಮ್ಮ ಖ್ಯಾತ ಕರ್ನಾಟಕ ವೃತ್ತಗಳ ಮನೆ ಹುಡುಕಬಹುದು. ಉತ್ಪಲಮಾಲೆಯ ಗಣಗಳು ಭ ರ ನ ಭ ಭ ರ, ಕೊನೆಗೆ ಒಂದು ಲಘು, ಒಂದು ಗುರು. ಗುರುಗಳನ್ನು ಎಣಿಸಿ: 1 + 2 + 0 + 1 + 1 + 2 + 0 + 1 = 8. ಇಪ್ಪತ್ತು ಅಕ್ಷರ, ಎಂಟು ಗುರು. 20ನೇ ಸಾಲಿನ 8ನೇ ಮನೆ. ಮಹಾವೀರನ ಕ್ರಮದಲ್ಲಿ ನಡೆಯಿರಿ: 20, 190, 1140, 4845, 15504, 38760, 77520, 125970. ಇಪ್ಪತ್ತು ಅಕ್ಷರಕ್ಕೆ ಎಂಟು ಗುರು ಇರುವ 1,25,970 ವಿನ್ಯಾಸಗಳಲ್ಲಿ ನಮ್ಮ ಕವಿಗಳ ಕಿವಿ ಹಿಡಿದದ್ದು ಈ ಒಂದನ್ನು.

ಚಂಪಕಮಾಲೆ ನ ಜ ಭ ಜ ಜ ಜ ರ. ಅಕ್ಷರ 21, ಗುರು 0 + 1 + 1 + 1 + 1 + 1 + 2 = 7. 21ನೇ ಸಾಲಿನ 7ನೇ ಮನೆ, ಅಲ್ಲಿರುವುದು 116280. ಎರಡೂ ಮನೆಗಳನ್ನು ಹಾಳೆಯಲ್ಲಿ ಗುರುತಿಸಿ ನೋಡಿ, ಒಂದೇ ಓರೆಗೆರೆಯ ಮೇಲೆ ಅಕ್ಕಪಕ್ಕ ಕೂತಿವೆ. 20 + 8 = 28 ಮಾತ್ರೆ, 21 + 7 = 28 ಮಾತ್ರೆ. ಉತ್ಪಲಮಾಲೆಯ ಮೊದಲ ಗುರುವನ್ನು ಎರಡು ಲಘುವಾಗಿ ಒಡೆದರೆ ಚಂಪಕಮಾಲೆ. ಮೊದಲಕ್ಷರ ಒಡೆದು ಮಿಕ್ಕದ್ದನ್ನು ಹಾಗೆಯೇ ಇಟ್ಟುಕೊಂಡು ಮೂರು ಮೂರಾಗಿ ಗೆರೆ ಹಾಕುತ್ತಾ ಬಂದ ಹುಡುಗ, ಕೊನೆಯ ರಗಣ ಸರಿಯಾಗಿ ಬಂದು ಕೂತಾಗ ಪೆನ್ಸಿಲ್ ಕೆಳಗಿಟ್ಟು ಅಕ್ಕನ ಪುಸ್ತಕ ತನ್ನ ಕಡೆಗೆ ಎಳೆದುಕೊಂಡ.

ಮತ್ತೇಭವಿಕ್ರೀಡಿತಕ್ಕೆ (ಸ ಭ ರ ನ ಮ ಯ, ಲಘು, ಗುರು) ಅಕ್ಷರ 20, ಗುರು 10. ಶಾರ್ದೂಲವಿಕ್ರೀಡಿತಕ್ಕೆ (ಮ ಸ ಜ ಸ ತ ತ, ಗುರು) ಅಕ್ಷರ 19, ಗುರು 11. ಎರಡೂ 30 ಮಾತ್ರೆಯ ಗೆರೆಯ ಮೇಲಿನ ನೆರೆಮನೆಗಳು. ಸ್ರಗ್ಧರೆ (ಮ ರ ಭ ನ ಯ ಯ ಯ) ಮತ್ತು ಮಹಾಸ್ರಗ್ಧರೆ (ಸ ತ ತ ನ ಸ ರ ರ, ಗುರು) ನಿಮಗೆ ಬಿಟ್ಟದ್ದು. ಮೊದಲು ಗುರು ಎಣಿಸಿ, ಮನೆ ಗುರುತಿಸಿ, ಆಮೇಲೆ ಮಾತ್ರೆ ಕೂಡಿಸಿ. ಎರಡಕ್ಕೂ 33 ಬಂದರೆ ನಿಮ್ಮ ಲೆಕ್ಕ ಸರಿ.